ಹದಿನಾರು ಕಿಲೋ ಆರು ನೂರು ಗ್ರಾಂ

ಜಾಲಹಳ್ಳಿ
ಭಾನುವಾರ, 23 ಫೆಬ್ರವರಿ 2025

ಪ್ರೀತಿಯ ಕೃಪಾಗೆ,

ನಿನ್ನ ಶೈಲುವಿನಿಂದ ಒಂದು ನಮಸ್ಕಾರ, ನಾಲ್ಕು ಬೈಗುಳ. ನಮಸ್ಕಾರ ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು-ಬೆಲ್ಲಕ್ಕೆ. ಬೈಗುಳ, ಅದರ ಜೊತೆ ಮೂರೇ ಸಾಲಿನ ಕಾಗದ ಇಟ್ಟಿದ್ದಕ್ಕೆ. ಉತ್ತರ ಬರೆಯಲು ತಿಂಗಳ ಮೇಲೆ ಮಾಡಿದವಳು ಬೈಯುವುದಕ್ಕೆ ಯಾವ ಮುಖ ಇಟ್ಟುಕೊಂಡು ಬಂದಳು ಎನ್ನುತ್ತೀಯ. ನನ್ನ ಮುಖ ನಿನಗೆ ಗೊತ್ತಿರುವುದೇ. ಪೀಣ್ಯದ ಆ ತಕ್ಕಡಿ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಒಂದೇ ಟೆಸ್ಟಿಂಗ್ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ನೋಡಿದ್ದೀಯ. ನೀನು ಬಿಟ್ಟು ತುಮಕೂರಿನಲ್ಲಿ ಹೊಲಿಗೆ ಅಂಗಡಿ ಹಾಕಿ ಒಂಬತ್ತು ವರ್ಷವಾದರೂ ನಿನ್ನ ಸ್ಟೂಲಿನ ಮೇಲೆ ಕೂತವರು ಯಾರೂ ಆರು ತಿಂಗಳು ನಿಂತಿಲ್ಲ. ನನ್ನ ಬಾಯಿ ತಡೆಯೋದು ಕಷ್ಟವಂತೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನಿನಗೆ ಹೇಳಬೇಕಾದ ಒಂದು ವಿಷಯವಿದೆ, ಫೋನಿನಲ್ಲಾದರೆ ನಾನು ಅದನ್ನು ಹಾರಿಸಿಬಿಡುತ್ತೇನೆ. ಇನ್ನೂ ಧೈರ್ಯ ಬಂದಿಲ್ಲ. ಬರೆಯುತ್ತಾ ಬರೆಯುತ್ತಾ ಬಂದೀತು. ಮೊದಲು ಸಂತೋಷದ ಸುದ್ದಿ ಕೇಳು.

ನಮ್ಮ ಮಾಲಾಗೆ ಈಗ ಏಳು ತಿಂಗಳು! ಅಳಿಯನಿಗೆ ಬ್ಯಾಂಕಿನವರು ಜೈಪುರಕ್ಕೆ ವರ್ಗ ಮಾಡಿದ್ದರಲ್ಲ, ಡಾಕ್ಟರು ಪ್ರಯಾಣ ಬೇಡ ಅಂದಿದ್ದರಿಂದ ಸೀಮಂತ ಅಲ್ಲಿಯೇ ಎಂದಾಯಿತು. ಫೆಬ್ರವರಿ ಎರಡಕ್ಕೆ. ನಮ್ಮ ಯಜಮಾನರು ವಿಶ್ವನಾಥರು ವಿಮಾನದ ಹೆಸರೆತ್ತಿದರೇ ಬೆವರುವವರು, ನಾಲ್ಕು ದಿನ ಮೊದಲೇ ರೈಲು ಹತ್ತಿಬಿಟ್ಟರು. ನಾನು ರಜೆ ಸಿಗದೆ ಗುರುವಾರ ಒಬ್ಬಳೇ ವಿಮಾನದಲ್ಲಿ ಹೊರಟೆ. ಐವತ್ತೇಳನೆಯ ವಯಸ್ಸಿನಲ್ಲಿ ಮೊದಲ ವಿಮಾನ ಕಣೇ.

ಟಿಕೆಟ್ಟಿನಲ್ಲಿ ಹದಿನೈದು ಕಿಲೋ ಎಂದು ಬರೆದಿತ್ತು. ಹಸಿರು ಸೀರೆ, ಹಸಿರು ಬಳೆ, ಕೊಬ್ಬರಿ ಮಿಠಾಯಿ, ನಿಪ್ಪಟ್ಟು, ಚಿಗಳಿ, ಹುರಿಹಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಹಿತಕಿದ ಅವರೆಬೇಳೆ. ಆ ಹುಡುಗಿಗೆ ಬಯಕೆ ಅದೊಂದೇ. ರಾತ್ರಿ ಕನಸಿನಲ್ಲೂ ಹಿತಕಿದ ಬೇಳೆ ಸಾರು ಬರುತ್ತೆ ಅಂತ ಅತ್ತಳಂತೆ. ಬೇಳೆ ಕೆಡಬಾರದೆಂದು ಅದು ನನ್ನ ಜೊತೆಗೇ ಬರಬೇಕಿತ್ತು. ಅಳಿಯ ಸೂಟ್‌ಕೇಸ್ ತೂಗಲು ಅಂಗೈಯಗಲದ ಒಂದು ಕೊಕ್ಕೆ ತಕ್ಕಡಿ ಕಳಿಸಿದ್ದ. ಆನ್‌ಲೈನಿನ ಮಾಲು. ನಾನು ಅದನ್ನು ಹಾಗೆಯೇ ನಂಬುತ್ತೇನೆಯೇ? ಕಾರ್ಖಾನೆಯಲ್ಲಿ ಅಂಬರೀಶ್ ಸಾರ್ ಹತ್ತಿರ ರಿಜಿಸ್ಟರಿನಲ್ಲಿ ಸಹಿ ಹಾಕಿ ನಮ್ಮ ಗುಂಡನನ್ನು ಮನೆಗೆ ತಂದೆ. ಗುಂಡ ನೆನಪಿದ್ದಾನಲ್ಲ, ಎರಡು ಕಿಲೋದ ಹಿತ್ತಾಳೆ ಟೆಸ್ಟ್ ವೇಟು? ಈಗಲೂ ಹಾಗೇ ಮಿರಮಿರ ಮಿಂಚುತ್ತಾನೆ.

ನಮ್ಮ ಬೆಂಚಿನ ಪದ್ಧತಿ ನಿನಗೆ ಹೇಳಬೇಕಿಲ್ಲ. ಭಾರ ತೂಗು, ಅದರ ಮೇಲೆ ಗೊತ್ತಿರುವ ತೂಕ ಸೇರಿಸು, ಅಷ್ಟೇ ಏರಿದರೆ ತಕ್ಕಡಿ ಸರಿ. ಸೂಟ್‌ಕೇಸ್ ತೂಗಿದೆ, ಹದಿನಾಲ್ಕು ಕಿಲೋ ಆರು ನೂರು. ಗುಂಡನನ್ನು ಸೀರೆಯ ಪಕ್ಕದಲ್ಲಿ ಇಟ್ಟು ಮತ್ತೆ ತೂಗಿದೆ, ಹದಿನಾರು ಆರು ನೂರು. ಶಭಾಷ್, ಪುಟ್ಟ ತಕ್ಕಡಿ ಚಿನ್ನದಂಥದ್ದು. ಪುಸ್ತಕದಲ್ಲಿ ಹದಿನಾಲ್ಕು ಆರು ನೂರು ಎಂದು ಬರೆದುಕೊಂಡೆ. ಅಷ್ಟರಲ್ಲಿ ಕ್ಯಾಬಿನವನು ಕೆಳಗೆ ಹಾರನ್ ಹೊಡೆದ. ಜಿಪ್ ಎಳೆದು ಬೀಗ ಹಾಕಿ ಹೊರಟೆ.

ನಗಬೇಡ. ಇನ್ನೂ ಮುಂದಿದೆ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸವಿತಾ ಎಂಬ ಹುಡುಗಿ ಇದ್ದಳು. ಇಪ್ಪತ್ತೆರಡು ವರ್ಷವಿರಬಹುದು, ಎದೆಯ ಮೇಲೆ ಹೆಸರಿನ ಪಟ್ಟಿ. ಬೆಲ್ಟಿನ ಮೇಲೆ ಸೂಟ್‌ಕೇಸ್ ಇಟ್ಟೆ. ಹದಿನಾರು ಕಿಲೋ ಆರು ನೂರು ಗ್ರಾಂ ಅಂತು ಮೆಷಿನ್ನು. ಎರಡು ಕಿಲೋ ಜಾಸ್ತಿ ಲೆಕ್ಕಕ್ಕೆ ಬರುತ್ತೆ ಮೇಡಂ, ಸಾವಿರದ ಚಿಲ್ಲರೆ ಕಟ್ಟಬೇಕು, ಇಲ್ಲಾಂದ್ರೆ ಏನಾದ್ರೂ ತೆಗೀರಿ ಎಂದಳು ಪಾಪ, ಮೆತ್ತಗೆ.

ನನ್ನ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷ ತಕ್ಕಡಿ ನೋಡಿದವಳಿಗೆ ತೂಕ ಹೇಳಿಕೊಡಲು ಬಂದೆಯಾ ಎಂದು ಶುರುಮಾಡಿದೆ. ಈ ಮೆಷಿನ್ನಿಗೆ ಈ ವರ್ಷದ ಮುದ್ರೆ ಎಲ್ಲಿದೆ ತೋರಿಸು. ಪಕ್ಕದ ಮೆಷಿನ್ನಿನ ಮೇಲೂ ತೂಗಿ ತೋರಿಸು. ಹಣ ತಗೊಂಡರೆ ರಸೀದಿಯಲ್ಲಿ ತೂಕ ಬರೆದುಕೊಡು. ಟಿಕೆಟ್ ಕೊಂಡ ಪ್ರಯಾಣಿಕರು ಏನು ಕುರಿಗಳೇ, ನಮಗೂ ಹಕ್ಕಿದೆ, ತೂಕ ಅಳತೆ ಇಲಾಖೆಯವರ ಫೋನ್ ನಂಬರು ನನಗೆ ಬಾಯಿಪಾಠ. ಹೀಗೆ. ಹಿಂದೆ ಸಾಲಿನಲ್ಲಿ ನಿಂತವರಿಗೂ ಒಳಗೊಳಗೇ ಕುದಿಯುತ್ತಿತ್ತು ಅಂತ ಕಾಣುತ್ತೆ. ಒಬ್ಬರು ಹೋದ ಸಲ ತನ್ನಿಂದ ಮೂರು ಸಾವಿರ ಕಿತ್ತರು ಎಂದರು. ಇನ್ನೊಬ್ಬಾಕೆ, ಸರಿಯಾಗಿ ಕೇಳಿ ಆಂಟಿ, ಎಂದು ಹುರಿದುಂಬಿಸಿದಳು. ಕೆಂಪು ಟೀ ಶರ್ಟಿನವನೊಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದ. ಸುಳ್ಳು ಹೇಳಲ್ಲ ಕೃಪಾ, ನನಗೆ ಸಕ್ಕತ್ ಖುಷಿಯಾಗುತ್ತಿತ್ತು.

ಸೂಪರ್‌ವೈಸರ್ ಶಿವಶಂಕರ್ ಎನ್ನುವವರು ಓಡಿ ಬಂದರು. ಮೊದಲು ಮೊಬೈಲ್ ನೋಡಿದರು, ಆಮೇಲೆ ನನ್ನನ್ನು. ತಕ್ಷಣ ನಗುಮುಖ. ಮೇಡಂ, ಹಣ ಏನೂ ಬೇಡ, ಬ್ಯಾಗ್ ಹಾಗೇ ಕಳಿಸ್ತೀವಿ, ತೊಂದರೆಗೆ ಕ್ಷಮಿಸಿ ಎಂದರು. ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಸವಿತಾ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಇದು ನಿನ್ನ ಮೇಲೆ ಎರಡನೇ ಕಂಪ್ಲೇಂಟು. ನಾಳೆಗೆ ನಿನ್ನ ಪ್ರೊಬೇಷನ್ ಆರು ತಿಂಗಳು ಮುಗಿಯುತ್ತೆ. ಇನ್ನು ಬರೋದು ಬೇಡ, ಹೊರಡು."

ಆ ಹುಡುಗಿಗೆ ಅಲ್ಲಿಯವರೆಗೆ ಇದ್ದ ಆಫೀಸು ಭಾಷೆಯೆಲ್ಲ ಹೋಗಿ ಊರಿನ ಮಾತು ಬಂತು.

"ಸಾರ್, ನಾ ಏನೂ ಮಾಡಿಲ್ರೀ. ಮಷಿನ್ ತೋರ್ಸಿದ್ದನ್ನ ಹೇಳೀನ್ರೀ."

ಅಷ್ಟೇ ಅಂದಳು. ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಕಣ್ಣಿನಲ್ಲಿ ನೀರು ದಳದಳ.

ನನ್ನ ಸೂಟ್‌ಕೇಸಿಗೆ ಚೀಟಿ ಅಂಟಿಸಿ ಆಗಿತ್ತು. ಪರದೆಯ ಮೇಲೆ ಇನ್ನೂ ಅದೇ ಅಂಕಿ, ಹದಿನಾರು ಆರು ನೂರು. ಗೆದ್ದ ಜಂಬದಲ್ಲಿ ಅದನ್ನೇ ನೋಡುತ್ತಿದ್ದೆ. ತಕ್ಕಡಿ ಕೆಟ್ಟರೆ ನೂರೆಪ್ಪತ್ತು ಗ್ರಾಂ ತಪ್ಪಿಸುತ್ತೆ, ಮುನ್ನೂರೈವತ್ತು ತಪ್ಪಿಸುತ್ತೆ. ಕಟ್ಟುನಿಟ್ಟಾಗಿ ಎರಡು ಕಿಲೋ ತಪ್ಪಿಸುವ ತಕ್ಕಡಿಯನ್ನು ಈ ಜನ್ಮದಲ್ಲಿ ನೋಡಿಲ್ಲವಲ್ಲ ಎಂದು ತಲೆಗೆ ಬಂತು. ಮರುಕ್ಷಣವೇ ಹೊಳೆಯಿತು. ಗುಂಡ! ಸೀರೆಯ ಪಕ್ಕದಲ್ಲಿ ಬೆಚ್ಚಗೆ ಮಲಗಿದ್ದಾನೆ.

ಈಗ ನಿಜ ಹೇಳುತ್ತೇನೆ. ತಕ್ಷಣ ಬಾಯಿ ಬಿಡಲಿಲ್ಲ. ಬ್ಯಾಗು ಹೋಗುತ್ತಿದೆ, ಹಣ ಕೇಳುವವರಿಲ್ಲ, ಬೀಗದ ಕೀ ನನ್ನ ಹತ್ತಿರ, ಯಾರಿಗೆ ತಾನೆ ಗೊತ್ತಾಗುತ್ತೆ ಎಂದುಕೊಂಡೆ. ವಿಡಿಯೋದವನ ಮುಂದೆ ಮಾನ ಹೋಗುತ್ತೆ ಎಂದೂ ಅಂದುಕೊಂಡೆ. ಬೆಲ್ಟು ಜರುಗತೊಡಗಿತು. ಆ ಹುಡುಗಿ ತನ್ನ ಊಟದ ಡಬ್ಬಿ ಎತ್ತಿಕೊಂಡು ಹೊರಟಳು. ತಲೆ ತಗ್ಗಿಸಿ ಹೋಗುವ ಆ ಬೆನ್ನನ್ನು ನಾನು ಹಿಂದೆಯೂ ಒಮ್ಮೆ ನೋಡಿದ್ದೆ.

"ನಿಲ್ಸ್ರೀ" ಎಂದು ಕೂಗಿದೆ. "ತಪ್ಪು ನಂದು. ಆ ಹುಡುಗೀನ ಕರೀರಿ."

ಎಲ್ಲರ ಎದುರೂ ಬೀಗ ತೆಗೆದೆ. ನಿಪ್ಪಟ್ಟಿನ ಡಬ್ಬಿ, ಬಳೆಯ ಕಟ್ಟು, ಒಳಲಂಗ, ಒಂದೊಂದೇ ಹೊರಗೆ ಬಂತು. ಕೊನೆಗೆ ಗುಂಡನನ್ನು ಎರಡೂ ಕೈಯಲ್ಲಿ ಎತ್ತಿ ಕೌಂಟರಿನ ಮೇಲೆ ಇಟ್ಟೆ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು ನೋಡು. ಹುರಿದುಂಬಿಸಿದ ಆ ಹೆಂಗಸಂತೂ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಗುಂಡನಿಲ್ಲದ ಸೂಟ್‌ಕೇಸ್ ಮತ್ತೆ ಬೆಲ್ಟಿನ ಮೇಲೆ ಹೋಯಿತು. ಹದಿನಾಲ್ಕು ಕಿಲೋ ಆರು ನೂರು. ಕೆಂಪು ಟೀ ಶರ್ಟಿನವನು ಮೊಬೈಲ್ ಜೇಬಿಗಿಡುತ್ತಿದ್ದ. ಅವನನ್ನು ಬಿಡಲಿಲ್ಲ. ಇದನ್ನೂ ಹಿಡಿಯಪ್ಪ, ಬೈದಿದ್ದನ್ನು ಹಿಡಿದೆಯಲ್ಲ ಎಂದು ನಿಲ್ಲಿಸಿ, ಸವಿತಾಗೆ ಕೈ ಮುಗಿದು ಕ್ಷಮೆ ಕೇಳಿದೆ. ಅವಳು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. ದೊಡ್ಡೋರು ಹಂಗ ಮಾಡಬಾರದ್ರೀ ಅಮ್ಮಾರ, ಎಂದಳು.

ಶಿವಶಂಕರ್ ಮುಖ ಹುಳ್ಳಗಾಗಿತ್ತು. ಪರವಾಗಿಲ್ಲ ಬಿಡಿ ಮೇಡಂ ಎಂದು ಸಾಗಹಾಕಲು ನೋಡಿದರು. ಬಿಡೋದು ಹೇಗೆ, ದೂರಿನ ಫಾರಂ ಕೇಳುವುದು ಪ್ರಯಾಣಿಕರ ಹಕ್ಕು ಎಂದೆ. ಅದರ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಈ ಹುಡುಗಿ ಹೇಳಿದ ತೂಕ ಸರಿ, ತಪ್ಪು ಪ್ರಯಾಣಿಕಳದು, ಇವಳ ಮೇಲೆ ನನ್ನ ದೂರಿಲ್ಲ; ಮೆಷಿನ್ ಪರೀಕ್ಷೆ ಮಾಡದೆ ನೌಕರಳನ್ನು ಕಳಿಸಲು ಹೊರಟವರ ಮೇಲೆ ಇದೆ. ಅದನ್ನು ಓದಿ ಅವರು ಗುರುತಿನ ಚೀಟಿಯನ್ನು ಸವಿತಾ ಕೈಗೆ ಕೊಟ್ಟರು. ಗುಂಡನನ್ನು ಕೈಚೀಲದಲ್ಲಿ ಒಯ್ಯಲು ಸೆಕ್ಯೂರಿಟಿಯವರು ಬಿಡುವುದಿಲ್ಲವಂತೆ. ಬರೋವರೆಗೂ ನನ್ನ ಹತ್ರ ಇರ್ಲಿ ಬಿಡ್ರೀ ಎಂದು ಸವಿತಾನೇ ಒಳಗೆ ಎತ್ತಿಟ್ಟುಕೊಂಡಳು.

ಸೀಮಂತ ಅದ್ದೂರಿಯಾಯಿತು. ಮಾಲಾ ಹಸಿರು ಸೀರೆಯಲ್ಲಿ ಮುದ್ದಾಗಿ ಕಂಡಳು, ದೃಷ್ಟಿ ತೆಗೆದು ತೆಗೆದು ನನ್ನ ಕೈ ಸೋತಿತು. ಹಿತಕಿದ ಬೇಳೆ ಸಾರಿಗೆ ಮುದ್ದೆ ನುಂಗಿ ನುಂಗಿ, ಹೊಟ್ಟೆಯೊಳಗಿನದು ಕುಣಿಯುತ್ತಿದೆ ಎಂದು ನನ್ನ ಅಂಗೈ ಇಡಿಸಿಕೊಂಡಳು. ನಿಜವಾಗಿಯೂ ಕುಣಿಯುತ್ತಿತ್ತು ಕಣೇ!

ವಾಪಸು ಬಂದ ದಿನ ಸವಿತಾ ಕೆಲಸ ಮುಗಿಸಿ ಹೊರಗೆ ಕಾದಿದ್ದಳು, ಗುಂಡನನ್ನು ಟವೆಲಿನಲ್ಲಿ ಸುತ್ತಿಕೊಂಡು. ಕೆಲಸ ಕಾಯಂ ಆಯಿತಂತೆ. ಇನ್ನೊಂದು ಕೇಳು: ಶಿವಶಂಕರ್ ಸುಮ್ಮನಿರಲಾರದೆ ಗುಂಡನನ್ನು ಒಂಬತ್ತು ಕೌಂಟರಿನ ಮೇಲೂ ಇಡಿಸಿ ನೋಡಿದರಂತೆ. ಆರನೆಯದು ಏಳು ನೂರು ಗ್ರಾಂ ಜಾಸ್ತಿ ತೋರಿಸಿತಂತೆ. ಅವತ್ತೇ ಅದನ್ನು ಮುಚ್ಚಿ ರಿಪೇರಿಗೆ ಹೇಳಿದರು. ಎಷ್ಟು ಜನರ ಹಣ ಸುಮ್ಮನೆ ಕಿತ್ತರೋ ಏನೋ. ನನ್ನ ಕೂಗಾಟ ಪೂರ್ತಿ ದಂಡವೇನಲ್ಲ, ಕೌಂಟರ್ ಮಾತ್ರ ತಪ್ಪಿತು ನೋಡು.

ಹೋದ ಭಾನುವಾರ ಅವಳೂ ಅವಳಪ್ಪ ಯಮನಪ್ಪನೂ ಮನೆಗೆ ಬಂದಿದ್ದರು. ಬಾಗಲಕೋಟೆ ಕಡೆಯವರು, ದೊಡ್ಡನೆಕ್ಕುಂದಿಯಲ್ಲಿ ಒಂದು ರೂಮು ಬಾಡಿಗೆಗೆ. ಆತ ಗಾರೆ ಕೆಲಸ ಮಾಡಿ ಮಗಳನ್ನು ಓದಿಸಿದ್ದಾನೆ. ವಿಮಾನ ಹಾರೂವಲ್ಲಿ ನನ್ನ ಮಗಳು ಕುಂದರ್ತಾಳ್ರೀ ಎಂದು ಹತ್ತು ಸಲ ಹೇಳಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ತಂದಿದ್ದ. ನಮ್ಮ ವಿಶ್ವನಾಥರು ಆರು ರೊಟ್ಟಿ ತಿಂದು ಮಧ್ಯಾಹ್ನವೆಲ್ಲ ಗೊರಕೆ ಹೊಡೆದರು.

ಏಪ್ರಿಲ್ ಕೊನೆಗೆ ಅಜ್ಜಿಯಾಗುತ್ತೇನೆ. ಮಗುವಿಗೆ ಮೊದಲ ಕುಲಾವಿ, ಅಂಗಿ ಎಲ್ಲ ನಿನ್ನ ಕೈಯಲ್ಲೇ ಆಗಬೇಕು. ನಿನ್ನ ಮಗನಿಗೂ ಸೊಸೆಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಮಂಡಿನೋವು ಕಡಿಮೆಯಾಗಲಿ, ಅಂಗಡಿ ತುಂಬಿರಲಿ, ನಗುನಗುತ್ತಾ ಇರು ತಾಯಿ.

ನಿನ್ನ
ಶೈಲಶ್ರೀ

ಮರೆತ ಮಾತು: ಮರೆತದ್ದಲ್ಲ. ಸಹಿ ಹಾಕಿದ ಮೇಲೆ ಎದ್ದು ಹೋಗಿ, ಕಾಫಿ ಕುಡಿದು, ಮತ್ತೆ ಬಂದು ಕೂತಿದ್ದೇನೆ.

ಒಂಬತ್ತು ವರ್ಷದ ಹಿಂದೆ, ಅಕ್ಕಿ ಮಂಡಿಯಿಂದ ವಾಪಸು ಬಂದ ಆ ಕಾಟಾ. ಮೂಟೆಗೆ ಅರ್ಧ ಕಿಲೋ ತಪ್ಪು ತೋರಿಸುತ್ತಿದ್ದದ್ದು. ಅವತ್ತು ನಿನ್ನ ಮಗನಿಗೆ ಜ್ವರವೆಂದು ನಾಲ್ಕು ಕಾಟಾ ನೋಡಿ, ಉಳಿದ ಆರರ ಕಾರ್ಡಿಗೂ ಸಹಿ ಹಾಕಿಟ್ಟು ಮನೆಗೆ ಹೋದೆ. ನಾನು ನೋಡ್ಕೋತೀನಿ ಹೋಗು ಎಂದವಳು ನಾನು. ಐದು ನೋಡಿದೆ. ಆರನೆಯದನ್ನು ನೋಡಲಿಲ್ಲ, ಬಸ್ಸಿನ ಹೊತ್ತಾಯಿತೆಂದು ಹಾಗೆಯೇ ಸೀಲು ಹಾಕಿದೆ. ತಪ್ಪಿದ್ದು ಅದು. ಅದರ ನಂಬರು ನನಗೆ ಇವತ್ತಿಗೂ ನೆನಪಿದೆ. ಅಂಬರೀಶ್ ಸಾರ್ ಕಾರ್ಡು ಹಿಡಿದು ನಿನ್ನನ್ನು ಎಲ್ಲರೆದುರು ಕೇಳಿದಾಗ ನೀನು ಒಂದು ಸಲ ನನ್ನ ಕಡೆ ನೋಡಿದೆ. ನಾನು ಬಟ್ಟೆ ತಗೊಂಡು ತೂಕಗಳನ್ನು ಒರೆಸುತ್ತಾ ಕೂತೆ. ಕೆಟ್ಟದ್ದು ನೀನು ನೋಡಿದ ನಾಲ್ಕರಲ್ಲೇ ಒಂದು ಎಂದುಕೊಂಡು ನೀನು ಊಟದ ಡಬ್ಬಿ ತಗೊಂಡು ಹೋದೆ, ಮತ್ತೆ ಬರಲಿಲ್ಲ.

ಮೊನ್ನೆ ಸೋಮವಾರ ಗುಂಡನನ್ನು ಹಿಂತಿರುಗಿಸುವಾಗ ಅಂಬರೀಶ್ ಸಾರ್ ಮುಂದೆ ಎಲ್ಲ ಹೇಳಿ, ಬರೆದೂ ಕೊಟ್ಟೆ. ಅವರು ನಿನ್ನ ಹತ್ತಿರ ಮಾತಾಡಬೇಕು ಎಂದರು. ನನ್ನ ಕಾಗದ ಮೊದಲು ಮುಟ್ಟಲಿ ಎಂದೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಮಗುವಿನ ಅಂಗಿ ಹೊಲಿಯದಿದ್ದರೂ ನನಗೆ ಅರ್ಥವಾಗುತ್ತೆ.

ಆದರೆ ಹೋದ ವರ್ಷ ನಿನ್ನ ಅಂಗಡಿಗೆ ಬಂದಿದ್ದಾಗ, ಒಂದೊಂದು ಅಳತೆಗೂ ನೀನು ಮೂರು ಮೂರು ಸಲ ಟೇಪು ಹಿಡಿಯುತ್ತಿದ್ದೆ. ಯಾಕೇ ಎಂದು ನಾನು ಕೇಳಿದರೆ, ಆ ಕಾಟಾ ತಪ್ಪಾದಾಗಿನಿಂದ ನನ್ನ ಕಣ್ಣನ್ನೇ ನಾನು ನಂಬಲ್ಲ ಶೈಲು, ಎಂದು ನಕ್ಕೆ. ನಾನೂ ನಿನ್ನ ಜೊತೆ ನಕ್ಕೆ.

ನೀನು ನೋಡಿದ ನಾಲ್ಕೂ ಸರಿಯಿದ್ದವು ಕೃಪಾ. ನಾಳೆಯಿಂದ ಒಂದೇ ಸಲ ಟೇಪು ಹಿಡಿ.