ಮುಗಿಯುವ ಮೊದಲಿನ ಚಪ್ಪಾಳೆ

ವಿಯೆನ್ನಾ,
ಮಾರ್ಚ್ ೧೪

ಓತ್ಮಾರ್,

‘ಪ್ರೀತಿಯ’ ಎಂದು ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಬರೀ ಹೆಸರು ಹಾಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಬೇರೆ ಮನೆ ಮಾಡಿಕೊಂಡು ಹೋದ ಗಂಡನಿಗೆ ಹೇಗೆ ಬರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಸಭಾಂಗಣದ ಆಫೀಸಿನವರು ನಿನಗೆ ಹೇಳಿದ್ದು ನಿಜ. ಮುಂದಿನ ವರ್ಷದ ಸಂಗೀತ ಕಛೇರಿಗಳಿಗೆ ನನ್ನ ಸೀಟು ಬೇಡವೆಂದು ನಾನೇ ಫೋನು ಮಾಡಿದೆ. ಕಾರಣ ಕೇಳಿದ್ದೀಯ. ಮಂಡಿನೋವು. ಚಳಿಯಲ್ಲಿ ಟ್ರಾಮಿಗೆ ಕಾಯಲು ಆಗುವುದಿಲ್ಲ. ಅಲ್ಲದೆ, ಬರುವ ವರ್ಷ ಅರ್ಧಕ್ಕರ್ಧ ಕಲಾವಿದರು ಪಿಯಾನೋದ ಹೊಟ್ಟೆಯೊಳಗೆ ಕೈ ಹಾಕಿ ತಂತಿ ಕೆರೆಯುವವರಂತೆ. ಇಷ್ಟು ಸಾಕಲ್ಲ?

ಸಾಕಾಗುವುದಿಲ್ಲ, ನನಗೆ ಗೊತ್ತು. ಬೇರೆಯಾಗುವಾಗ ಕಪಾಟು, ರಗ್ಗು, ನಿಮ್ಮಮ್ಮನ ಬೆಳ್ಳಿ ಚಮಚ ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡೆವು. ನಿಮ್ಮಪ್ಪನ ಕಾಲದಿಂದ ಬಂದ ಆ ಅಕ್ಕಪಕ್ಕದ ಎರಡು ಸೀಟುಗಳನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಒಂದೇ ಮೇಜಿನಲ್ಲಿ ಸೂಪು ಕುಡಿಯಲಾರದವರು ಪಕ್ಕಪಕ್ಕ ಕೂತು ಕ್ವಾರ್ಟೆಟ್ ಕೇಳುತ್ತೀರಲ್ಲ ಎಂದು ನಮ್ಮ ಉಲ್ರಿಕೆ ಎಷ್ಟು ನಕ್ಕಳು! ಮಗಳು ನಗಲಿ ಬಿಡು. ಗುಡ್ ಈವನಿಂಗ್, ಗುಡ್ ನೈಟ್, ನಡುವೆ ಎರಡು ಗಂಟೆ ಸಂಗೀತ. ನಮ್ಮ ಮದುವೆ ಆ ಸೀಟುಗಳಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು.

ಕಳೆದ ತಿಂಗಳ ಪಿಯಾನೋ ಕಛೇರಿಯ ವಿಷಯ ನಿನ್ನ ಪತ್ರದಲ್ಲಿ ಒಂದಕ್ಷರ ಇಲ್ಲ. ಬೇಕೆಂದೇ ಬಿಟ್ಟಿದ್ದೀಯ. ಹಾಗಾಗಿ ನಾನೇ ಹೇಳುತ್ತೇನೆ.

ನಮ್ಮ ಸೀಟುಗಳು ಬಲಗಡೆ. ಜನ ಕಲಾವಿದರ ಬೆರಳು ನೋಡಲು ಎಡಗಡೆಗೆ ಮುಗಿಬೀಳುತ್ತಾರೆ. ನಿಮ್ಮಪ್ಪನಿಗೆ ಮುಖ ಕಾಣಬೇಕಿತ್ತು; ನಮ್ಮ ಕಡೆಯಿಂದ ಬೆರಳು ಕಾಣುವುದಿಲ್ಲ. ಆ ಹುಡುಗಿ ಕೊನೆಯ ತುಣುಕು ನುಡಿಸುತ್ತಿದ್ದಳು, ಶೂಬರ್ಟ್‌ನದು. ಸ್ವರ ಮೇಲೆ ಮೇಲೆ ಹೋಗುತ್ತಾ, ಸಣ್ಣಗಾಗುತ್ತಾ, ನಿಂತಿತು. ಅವಳು ಕಣ್ಣು ಮುಚ್ಚಿ ಅಲುಗಾಡದೆ ಕೂತಿದ್ದಳು. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ನಾನು ಕಾದೆ. ಇನ್ನೂ ಕಾದೆ. ಪಾಪ, ಇಷ್ಟು ಚೆನ್ನಾಗಿ ನುಡಿಸಿದವಳಿಗೆ ಯಾರೂ ಚಪ್ಪಾಳೆ ತಟ್ಟುತ್ತಿಲ್ಲವಲ್ಲ, ಎಂಥ ಕಲ್ಲು ಜನ ಎಂದು ನನಗೆ ಸಂಕಟವಾಯಿತು. ತಟ್ಟಿಬಿಟ್ಟೆ.

ಅವಳು ಇನ್ನೂ ನುಡಿಸುತ್ತಿದ್ದಳು, ಓತ್ಮಾರ್. ಎಲ್ಲರಿಗೂ ಕೇಳುತ್ತಿತ್ತು, ನನಗೆ ಕೇಳುತ್ತಿರಲಿಲ್ಲ.

ಮುಂದಿನ ಸಾಲುಗಳ ತಲೆಗಳು ಒಟ್ಟಿಗೆ ತಿರುಗಿದವು. ಆ ಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಇನ್ನೊಂದು ಚಪ್ಪಾಳೆ. ನೀನು! ಸೊನಾಟಾದ ಎರಡು ಭಾಗಗಳ ಮಧ್ಯೆ, ಕೃತಿ ಪೂರ್ತಿ ಮುಗಿಯುವ ಮೊದಲೇ, ಚಪ್ಪಾಳೆ ತಟ್ಟಿದನೆಂದು ನನ್ನ ತಮ್ಮನ ಜೊತೆ ಎರಡು ಕ್ರಿಸ್‌ಮಸ್ ಮಾತು ಬಿಟ್ಟವನು ನೀನು. ತುಂಬಿದ ಸಭೆಯಲ್ಲಿ, ಸಂಗೀತ ನಡೆಯುತ್ತಿರುವಾಗ, ನೆಟ್ಟಗೆ ಕೂತು, ಗಟ್ಟಿಯಾಗಿ ತಟ್ಟಿದೆ.

ಆಮೇಲೆ ಕೋಟು ತೆಗೆದುಕೊಳ್ಳುವ ಜಾಗದಲ್ಲಿ ನಮ್ಮ ಹಿಂದಿನ ಸಾಲಿನ ಮುದುಕಿ ಸಿಕ್ಕಿದಳಲ್ಲ, ಗಂಡ ಸತ್ತು ಇಷ್ಟು ವರ್ಷವಾದರೂ ಅವನ ಸರ್ಕಾರಿ ಬಿರುದು ಸೇರಿಸಿ ‘ಫ್ರಾವ್ ಹೋಫ್ರಾಟ್’ ಎಂದೇ ಕರೆಸಿಕೊಳ್ಳುವವಳು. ಅವಳ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಬೇಡದ್ದು ಚೆನ್ನಾಗಿಯೇ ಕೇಳಿಸುತ್ತದೆ.

“ಏನು ಪ್ರೊಫೆಸರ್, ನಮ್ಮ ಸಾಲುಗಳಲ್ಲೂ ಪ್ರವಾಸಿಗರು ಬಂದು ಕೂರೋಕೆ ಶುರು ಮಾಡಿದ್ರಾ?”

“ತಪ್ಪು ನಂದು, ಫ್ರಾವ್ ಹೋಫ್ರಾಟ್. ಮೊದಲು ತಟ್ಟಿದ್ದು ನಾನು. ಇವಳು ನನ್ನ ನಂಬಿ ತಟ್ಟಿದ್ಲು.”

ಅಷ್ಟು ಹೇಳಿ ನೀನು ನನ್ನ ಕೋಟು ಹಿಡಿದು ನಿಂತೆ. ನಾನು ಅದನ್ನು ಕಿತ್ತುಕೊಂಡು ಹೊರಗೆ ನಡೆದೆ. ಕೃತಜ್ಞತೆ ಇಲ್ಲದವಳು ಎಂದುಕೊಂಡಿರಬಹುದು. ನನಗೆ ಬಂದದ್ದು ಕೋಪ, ಕೆಂಡದಂಥ ಕೋಪ. ಕೂಡಿ ಬಾಳಿದಷ್ಟು ದಿನ ನೀನು ನನ್ನನ್ನು ತಿದ್ದಿದೆ. ಲ್ಯಾಟಿನ್ ಪಾಠ ಮಾಡಿದವನಿಗೆ ಮನೆಯಲ್ಲೂ ಕೆಂಪು ಪೆನ್ನು ಕೆಳಗಿಡಲು ಬರಲಿಲ್ಲ. ಆ ತಿದ್ದಾಟ ತಾಳಲಾರದೆ ನಾನೇ ನಿನಗೆ ಬಾಗಿಲು ತೋರಿಸಿದ್ದು. ಈಗ, ನಾನು ನಿಜವಾಗಿ ತಪ್ಪು ಮಾಡಿದಾಗ, ನೀನು ತಿದ್ದಲಿಲ್ಲ. ತಿದ್ದಿ ಪ್ರಯೋಜನವಿಲ್ಲದವಳು ಎಂದು ತೀರ್ಮಾನ ಮಾಡಿಬಿಟ್ಟೆಯಾ? ಆ ರಾತ್ರಿ ನನಗೆ ಕಿವಿಗಿಂತ ಹೆಚ್ಚು ಭಯ ಹುಟ್ಟಿಸಿದ್ದು ನಿನ್ನ ಆ ಚಪ್ಪಾಳೆ.

ವೈದ್ಯರ ಹತ್ತಿರ ಹೋಗಿದ್ದೆ. ಮೇಲಿನ ಸ್ವರಗಳು ಹೋಗಿವೆ, ಇನ್ನೂ ಹೋಗುತ್ತವೆ ಎಂದರು. ಅವರು ಕೊಟ್ಟ ಯಂತ್ರ ಹಾಕಿಕೊಂಡು ಮಾತು ಕೇಳಬಹುದು. ಪಿಯಾನೋ ಕೇಳಿದರೆ ಯಾರೋ ತಗಡಿನ ಡಬ್ಬ ಬಡಿದಂತಿರುತ್ತದೆ. ಯಂತ್ರವನ್ನು ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಉಲ್ರಿಕೆಗೆ ಹೇಳಿಲ್ಲ, ನೀನೂ ಹೇಳಬೇಡ.

ಆದ್ದರಿಂದ ನನ್ನ ಸೀಟನ್ನು ಕಿವಿ ನೆಟ್ಟಗಿರುವ ಯಾರಿಗಾದರೂ ಕೊಡಿಸು. ನಿನ್ನ ಬ್ರಿಜ್ ಆಟದ ಗೆಳತಿ ರೋಸ್ವಿಟಾಗೆ ಬೇಕಿದ್ದರೆ ಅವಳಿಗೇ ಆಗಲಿ. ಅವಳು ಉಸಿರೆಳೆದರೆ ಸೀಟಿ ಹೊಡೆದಂತಿರುತ್ತದೆ, ನೀನೇ ಅನುಭವಿಸು. ಮರುಕಪಟ್ಟುಕೊಂಡು ಪಕ್ಕದಲ್ಲಿ ಕೂರುವವನು ನನಗೆ ಬೇಡ. ನೀನು ತಿದ್ದುತ್ತಿದ್ದಾಗ ಕನಿಷ್ಠ ಜಗಳವಾಡಬಹುದಿತ್ತು.

ನಿನಗೆ ಗಂಟಲು ನೋವೆಂದು ಉಲ್ರಿಕೆ ಹೇಳಿದಳು. ಮಫ್ಲರ್ ಇಲ್ಲದೆ ಓಡಾಡಬೇಡ.

ಇಂತಿ,
ಗೆರ್ಲಿಂಡೆ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಆಫೀಸಿಗೆ ಇನ್ನೂ ಸಹಿ ಹಾಕಿ ಕೊಟ್ಟಿಲ್ಲ. ಈಸ್ಟರ್ ಆದ ಮೇಲೆ ಪಿಯಾನೋ ಟ್ರಯೋ ಇದೆಯಲ್ಲ, ಅದಕ್ಕೆ ಬರುತ್ತೇನೆ. ಅದರಲ್ಲಿ ಸೆಲ್ಲೋದ ತಗ್ಗಿನ ಸ್ವರ ನನಗೆ ಇನ್ನೂ ಕೇಳುತ್ತದೆ. ಚಪ್ಪಾಳೆಯ ಭಯ ಬೇಡ, ಎಲ್ಲರೂ ತಟ್ಟಿದ ಮೇಲೆಯೇ ತಟ್ಟುತ್ತೇನೆ. ಆದರೆ ಸಂಗೀತ ಮುಗಿದು ಚಪ್ಪಾಳೆ ಏಳುವ ಮೊದಲು ಒಂದು ಮೌನವಿರುತ್ತದಲ್ಲ, ಅದಕ್ಕಾಗಿಯೇ ನಾವು ಅಷ್ಟು ದೂರದಿಂದ ಬರುತ್ತಿದ್ದದ್ದು. ಅದು ಯಾವಾಗ ಶುರುವಾಗುತ್ತದೆಂದು ಈಗ ನನಗೆ ಗೊತ್ತಾಗುವುದಿಲ್ಲ. ಶುರುವಾದಾಗ ನನ್ನ ಕೈ ಹಿಡಿ. ಚಪ್ಪಾಳೆ ಏಳುವವರೆಗೂ ಬಿಡಬೇಡ.