ಮೂವತ್ತೇಳು ರಾತ್ಲು ಅಕ್ಕಿ

ಜನವರಿ 12, 1962. ಶುಕ್ರವಾರ. ಸಂಜೆ 5

ಒಂದು ಸಂಗತಿ ಬರೆಯದೆ ಬಿಡುವವಳಿದ್ದೆ. ಬೆಳಗಿನ ಗಂಜಿ, ಮೀನಿನವಳ ಜೊತೆ ದೊಡ್ಡಮ್ಮನ ಚರ್ಚೆ, ಮೊಣಕಾಲಿಗೆ ಎಣ್ಣೆ, ಅಂಚೆಯಲ್ಲಿ ಏನೂ ಇಲ್ಲ — ಎಲ್ಲ ಬರೆದು ಪೆನ್ನಿನ ಟೋಪಿ ಹಾಕಿಯಾಗಿತ್ತು. ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಹಾಗಾದರೆ ಅಡಗಿಸಿದ್ದು ಯಾರಿಂದ?

ನನ್ನ ತೂಕ 187 ರಾತ್ಲು. ಅದೂ ಬಳೆ, ಬೆಂಡೋಲೆ ತೆಗೆದಿಟ್ಟ ಮೇಲೆ.

ಅಂಗಡಿಯ ರಾತ್ಲು, ಡಾಕ್ಟರರ ಪೌಂಡು — ಎರಡೂ ಒಂದೇ. ಬುಧವಾರ ಮಂಗಳೂರಿನಲ್ಲಿ ಅವರು ಮೊಣಕಾಲನ್ನು ಒತ್ತಿ, ಮಡಚಿ, ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದರು. "ಆಪರೇಷನ್ ಮಾಡಿದರೆ ನಡೀತೀರಿ. ಆದರೆ ಇಷ್ಟು ಭಾರ ಹೊತ್ತ ಕಾಲಿಗೆ ನಾನು ಕೈ ಹಾಕುವುದಿಲ್ಲ. 150 ಪೌಂಡಿಗೆ ಇಳಿಯಿರಿ."

ನಡೆಯಬಾರದು. ಮೆಟ್ಟಿಲು ಹತ್ತಬಾರದು. ನೆಲದಲ್ಲಿ ಕುಳಿತು ಏಳಬಾರದು. ಮತ್ತೆ ಇಳಿಯುವುದು ಹೇಗೆ ಎಂದು ಕೇಳಿದೆ.

"ಕಾಲಿನ ಕೆಲಸ ಬಾಯಿ ಮಾಡಬೇಕು ಟೀಚರೇ. ಅಂದರೆ, ಮಾಡದೆ ಇರಬೇಕು."

ಮೇ ತಿಂಗಳೊಳಗೆ ತೂಕ ಬರೆದು ಕಾಗದ ಹಾಕಬೇಕು. ಇಳಿದಿದ್ದರೆ ಜೂನ್‌ನಲ್ಲಿ ಬೆಡ್. ಜುಲೈಗೆ ಅವರು ಇಂಗ್ಲೆಂಡಿಗೆ ಹೊರಡುತ್ತಾರೆ, ಎರಡು ವರ್ಷಕ್ಕೆ. ದೀಪಾವಳಿಯಿಂದ ನಾನು ರಜೆಯಲ್ಲಿದ್ದೇನೆ. ನನ್ನ ಕ್ಲಾಸಿಗೆ ಹದಿನಾಲ್ಕು ಮೆಟ್ಟಿಲು. ಎರಡು ವರ್ಷ ಯಾವ ಶಾಲೆ ಕಾಯುತ್ತದೆ? ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕುರ್ಚಿಗೆ ಅಂಟಿದವಳು ಆಮೇಲೆ ಏಳುತ್ತಾಳೆಯೆ?

ತೂಗಿದ್ದು ಅಬೂಬಕ್ಕರರ ಅಕ್ಕಿ ಅಂಗಡಿಯಲ್ಲಿ, ಮೂಟೆ ತೂಗುವ ತಕ್ಕಡಿಯಲ್ಲಿ. ಹಿತ್ತಿಲ ದಾರಿಯಲ್ಲಿ ಎರಡು ಮನೆ ದಾಟಿದರೆ ಸಿಗುತ್ತದೆ. ಶುಕ್ರವಾರ ಮಧ್ಯಾಹ್ನ ಗಂಡಸರೆಲ್ಲ ಮಸೀದಿಗೆ ಹೋದಾಗ ಅಂಗಡಿ ಮುಚ್ಚಿರುತ್ತದೆ. ಅವರ ಹೆಂಡತಿ ಸಾಲಿಹಾ ಒಳಗಿನಿಂದ ಅಗಣಿ ಹಾಕಿ ಬಂದಳು. ಸರಪಳಿಯ ಹಲಗೆಯ ಮೇಲೆ ನಾನು, ಆಚೆಗೆ ಕಬ್ಬಿಣದ ಕಲ್ಲುಗಳು.

"ಭಾರೀ ಸಣ್ಣಕ್ಕಿ ಮೂಟೆ ಟೀಚರಮ್ಮ," ಎಂದು ನಕ್ಕಳು. ನಾನು ನಗಲಿಲ್ಲ. ಆಮೇಲೆ ಮನೆಗೆ ಬಂದು ನಕ್ಕೆ.

ಜನವರಿ 14

ಇವತ್ತಿನಿಂದ: ಬೆಳಗ್ಗೆ ಒಂದೇ ಸೌಟು ಗಂಜಿ. ಮಧ್ಯಾಹ್ನ ಹುರುಳಿ ಸಾರು, ಬಸಳೆ, ಒಂದು ತುಂಡು ಮೀನು. ಸಂಜೆ ಮಜ್ಜಿಗೆ. ಚಹಾಕ್ಕೆ ಸಕ್ಕರೆ ಇಲ್ಲ. ಬೆಲ್ಲ ಇಲ್ಲ. ಎಣ್ಣೆ ಇಲ್ಲ. ತೆಂಗಿನಕಾಯಿ ಇಲ್ಲ.

ದೊಡ್ಡಮ್ಮ ಅಡುಗೆಮನೆಯಿಂದಲೇ ಕೂಗಿದರು. "ಕಾಯಿ ಹಾಕದ ಸಾರಾ? ಈ ಮನೆಯಲ್ಲಿ ಯಾರು ಸತ್ತಿದ್ದಾರೆ?"

ದೊಡ್ಡಮ್ಮ ಅಂದರೆ ಅಮ್ಮಣ್ಣಿ — ನನ್ನ ಅಮ್ಮನ ಅಕ್ಕ, ಈ ಮನೆಯ ಯಜಮಾನಿ. ಎಪ್ಪತ್ತೊಂದು ವರ್ಷ. ಒಲೆ ಇವತ್ತಿಗೂ ಅವರದೇ.

ಜನವರಿ 19. ಶುಕ್ರವಾರ

183. ನಾಲ್ಕು ರಾತ್ಲು, ಒಂದೇ ವಾರದಲ್ಲಿ! ಸಾಲಿಹಾ ಎರಡು ಸಲ ತೂಗಿದಳು.

ಇವರು ತಾಲೂಕು ಆಫೀಸಿನಿಂದ ಬಂದು ಅಡುಗೆಮನೆಯ ಮೂಲೆಯಲ್ಲಿ, ನನಗೆ ಬೆನ್ನು ಹಾಕಿ ಕೋರಿರೊಟ್ಟಿ ತಿಂದರು. ರೊಟ್ಟಿ ಮುರಿಯುವ ಸದ್ದು ಕೇಳದಿರಲಿ ಎಂದು ಸಾರಿನಲ್ಲಿ ನೆನೆಸಿ ತಿಂದರಂತೆ. ಕಡ್ಡಿಯಂತಿರುವ ಗಂಡ. ಎಲ್ಲಿ ಹೋಗುತ್ತದೋ ತಿಂದದ್ದೆಲ್ಲ.

ಫೆಬ್ರವರಿ 9. ಶುಕ್ರವಾರ

177. ರಂಜಾನಿನ ನೋಂಬು ಶುರುವಾಗಿದೆ, ಹಗಲಿಡೀ ಉಪವಾಸ. ಸಾಲಿಹಾಳ ತುಟಿ ಒಣಗಿತ್ತು. ಕಲ್ಲು ಎತ್ತಿಡುವಾಗ ಇಬ್ಬರ ಹೊಟ್ಟೆಯೂ ಒಟ್ಟಿಗೇ ಗುರುಗುಟ್ಟಿತು.

"ನನ್ನದು ಸೂರ್ಯ ಮುಳುಗಿದರೆ ಮುಗೀತದೆ," ಅಂದಳು. "ನಿಮ್ಮದು ಎಷ್ಟು ಗಂಟೆಗೆ?"

"ಮೇ ತಿಂಗಳಿಗೆ."

"ಅಲ್ಲಾ! ಇದು ಯಾವ ಜಾತಿ ನೋಂಬು ಮಾರಾಯ್ತಿ!"

ಹಿಂದೆ ಬರುವಾಗ ಹಗುರಾಗಿತ್ತು. ಮೈಯಲ್ಲ, ಮನಸ್ಸು. ಕೋಲಿನ ಮೇಲೆ ಭಾರ ಕಡಿಮೆ ಹಾಕಿದೆನೋ, ಹಾಗೆ ಅನ್ನಿಸಿತೋ?

ಫೆಬ್ರವರಿ 23. ಶುಕ್ರವಾರ

176. ಕಳೆದ ವಾರವೂ 176. ಏನೂ ತಪ್ಪಿಲ್ಲ. ಒಂದು ಚೂರು ಬೆಲ್ಲ ಕೂಡ ಬಾಯಿಗೆ ಹಾಕಿಲ್ಲ. ಇವರಿಗೆ ಎಲೆಕ್ಷನ್ ಡ್ಯೂಟಿ, ಮನೆಯಲ್ಲಿ ಆಸೆ ಹುಟ್ಟಿಸುವ ಸದ್ದೂ ಇಲ್ಲ. ಮತ್ತೆ ಯಾಕೆ?

ಮಾರ್ಚ್ 2. ಶುಕ್ರವಾರ

177. ಹೆಚ್ಚಾಗಿದೆ.

ಮಾರ್ಚ್ 3. ಬೆಳಗ್ಗೆ 11

ಕಾರಣ ಸಿಕ್ಕಿತು. ನಿನ್ನೆ ಸಂಜೆ ಮಜ್ಜಿಗೆ ಕುಡಿದಿಟ್ಟ ಹಿತ್ತಾಳೆ ಲೋಟ ಕಿಟಕಿಯಲ್ಲೇ ಉಳಿದಿತ್ತು. ಬೆಳಗ್ಗೆ ಬೆರಳಿಟ್ಟೆ — ಒಳಗೆಲ್ಲ ಎಣ್ಣೆಯ ಪಸೆ. ಮೂಸಿದೆ. ಕಾಯಿಹಾಲು.

ಮೂರು ವಾರದಿಂದ ಮಜ್ಜಿಗೆ ದಪ್ಪವಾಗಿತ್ತು, ಸಿಹಿಯಾಗಿತ್ತು. ನನಗೆ ಗೊತ್ತಾಗಿರಲಿಲ್ಲವೆ? ಕೇಳಿದರೆ ನಿಂತುಹೋಗುತ್ತದೆ ಎಂದೇ ಕೇಳಲಿಲ್ಲವೋ ಏನೋ. ಇದನ್ನೂ ಬರೆದಿಡುತ್ತೇನೆ.

ದೊಡ್ಡಮ್ಮನನ್ನು ಕರೆದೆ. ಒಂದು ಮಾತೂ ಅಲ್ಲಗಳೆಯಲಿಲ್ಲ. "ಹೌದು, ಹಾಕಿದೆ. ದಿನಾ ಅರ್ಧ ಕಾಯಿದ್ದು."

"ಯಾಕೆ ದೊಡ್ಡಮ್ಮ? ನನ್ನ ಕಾಲು ಸರಿಯಾಗುವುದು ಬೇಡವಾ ನಿಮಗೆ?"

"ಬೇಡವಾ ಅಂತ ಕೇಳ್ತಿಯಲ್ಲ!" ಕೈಯಲ್ಲಿದ್ದ ಸೌಟನ್ನು ನನ್ನತ್ತ ತೋರಿಸಿದರು. "ಧರ್ಮಸ್ಥಳಕ್ಕೆ ತುಲಾಭಾರ ಹೇಳಿದ್ದು ಯಾರು? ದೀಪಾವಳಿಗೆ ನೀನು ಬಿದ್ದ ದಿನ ನಾನು ಹೇಳಿದೆ. ಕಾಲು ಸರಿಯಾಗಲಿ, ಅವಳ ತೂಕದಷ್ಟು ಅಕ್ಕಿ ಒಪ್ಪಿಸ್ತೇವೆ ಅಂತ. ಅವತ್ತು ನೀನು ಎಷ್ಟಿದ್ದಿ? ಈಗ ಕರಗಿ ಕರಗಿ ಹೋದ ಮೇಲೆ ತಕ್ಕಡಿಯಲ್ಲಿ ಕೂತುಕೊಂಡರೆ ದೇವರಿಗೆ ಏನು ಹೇಳುವುದು? ಕಾಲು ಪೂರ್ತಿ ಕೊಡು, ಅಕ್ಕಿ ಮಾತ್ರ ಕಡಿಮೆ ತಗೋ ಅಂತವಾ?"

ಇವರು ಬಾಗಿಲಲ್ಲಿ ನಿಂತು, "ಹರಕೆ ಕಾಲಿಗಲ್ವಾ ಅತ್ತೆ?" ಅಂದರು.

"ಕಾಲು ಅವಳ ಮೈಯಲ್ಲೇ ಉಂಟಲ್ಲ!" ಇವರು ಆಫೀಸಿಗೆ ಹೊರಟುಹೋದರು.

ಸಿಟ್ಟು ಬಂದಿತ್ತು. ಮೂರು ವಾರ ಹಾಳು. ಆದರೆ ನಾಲ್ಕು ತಿಂಗಳಿಂದ ಈ ಹರಕೆಯನ್ನು ಒಬ್ಬಳೇ ಹೊತ್ತುಕೊಂಡಿದ್ದ ಮುದುಕಿಯನ್ನು ಏನೆಂದು ಬೈಯುವುದು?

ಅದೇ ದಿನ, ಸಂಜೆ 4

ಯೋಚಿಸಿ ಹೇಳಿದೆ. "ದೊಡ್ಡಮ್ಮ, ನಾನು ಎಷ್ಟು ಇಳಿಯುತ್ತೇನೋ ಅಷ್ಟು ಅಕ್ಕಿಯನ್ನು ವಾರ ವಾರ ದೇವರ ಕೋಣೆಯಲ್ಲಿ ತೆಗೆದಿಡುವ. ತುಲಾಭಾರದ ದಿನ ಅದನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೇ ಕೂತುಕೊಳ್ತೇನೆ. ಅಲ್ಲಿಗೆ ನಾನು ಮತ್ತೆ 187. ದೇವರಿಗೆ ಒಂದು ಕಾಳೂ ಕಡಿಮೆ ಇಲ್ಲ."

ದೊಡ್ಡಮ್ಮ ಎಲೆಅಡಿಕೆ ಹಾಕಿಕೊಂಡರು. ಆಮೇಲೆ: "ಕಣಜದಿಂದ ಬೇಡ. ನಿನ್ನ ಪಾಲಿನದ್ದು, ನೀನು ಉಣ್ಣದೆ ಬಿಟ್ಟದ್ದು, ಅದೇ ಆಗಬೇಕು."

ಎದ್ದು ಹೋಗಿ ತಾಮ್ರದ ಹಂಡೆ ಹುಣಸೆಹುಳಿ ಹಾಕಿ ತಿಕ್ಕಲು ಕೂತರು. ಆಗಲೇ ಇಳಿದಿದ್ದ ಹತ್ತು ರಾತ್ಲು ಇವತ್ತೇ ಅಳೆದು ಹಾಕಿಯಾಯಿತು.

ಮಾರ್ಚ್ 9. ಶುಕ್ರವಾರ

174! ನಿನ್ನೆ ನೋಂಬು ಮುಗಿದ ಪೆರ್ನಾಲ್ ಹಬ್ಬ. ಸಾಲಿಹಾ ತಟ್ಟೆ ತುಂಬ ತಿಂಡಿ ತಂದು ಮುಂದಿಟ್ಟು, ನನ್ನ ಮುಖ ನೋಡಿ ತಾನೇ ಮುಚ್ಚಿಟ್ಟಳು. "ನಿಮ್ಮ ಪೆರ್ನಾಲ್ ಮೇಯಲ್ಲಿ ಅಲ್ವಾ. ಅವತ್ತು ತರ್ತೇನೆ."

ದೊಡ್ಡಮ್ಮ ಅಂಗಳದಲ್ಲೇ ಕಾಯುತ್ತಿದ್ದರು. "ಹಂಡೆಗೆ ಎಷ್ಟು?"

"ಮೂರು."

"ಮೂರೇ?"

ನೋಡು ದೊಡ್ಡಮ್ಮನನ್ನು!

ಮಾರ್ಚ್ 19. ಮೂಡುಬಿದಿರೆಯಿಂದ ಬಂದು

ತಂಗಿ ನೀಲಾವತಿಯ ಮಗಳಿಗೆ ಸೀಮಂತ. ಬಾಡಿಗೆ ಕಾರಿನಲ್ಲಿ ಕಾಲು ನೀಡಿಕೊಂಡು ಹೋದೆ. ರವಿಕೆಯ ತೋಳು ಜೋತು ಬೀಳುತ್ತಿತ್ತು. ಎಲ್ಲರ ಕಣ್ಣೂ ಅಲ್ಲೇ.

"ಪ್ರೇಮಕ್ಕ, ಏನು ಹೀಗೆ ಇಳಿದುಹೋದಿರಿ? ಸಕ್ಕರೆ ಕಾಯಿಲೆಯಾ?"

"ಬಾವ ಊಟಕ್ಕೆ ಹಾಕ್ತಾ ಇಲ್ವಾ?"

ಚಂದ ಕಾಣುತ್ತೀರಿ ಎಂದು ಒಬ್ಬರೂ ಹೇಳಲಿಲ್ಲ. ಅದನ್ನೇ ಕಾಯುತ್ತಿದ್ದೆನೆ? ಕಾಯುತ್ತಿದ್ದೆ. ಬರೆಯಲು ನಾಚಿಕೆ.

ಎಲೆಗೆ ಹೋಳಿಗೆ ಬಿತ್ತು, ತುಪ್ಪವೂ ಬಿತ್ತು. ಕೈ ಹೋಗುವಷ್ಟರಲ್ಲಿ ಪಕ್ಕದಿಂದ ದೊಡ್ಡಮ್ಮನ ಕೈ ಬಂದು ಹೋಳಿಗೆಯನ್ನು ಎತ್ತಿ ತಮ್ಮ ಎಲೆಗೆ ಹಾಕಿಕೊಂಡಿತು. ನೀಲಾವತಿಗೆ ಸಿಟ್ಟು. "ಒಂದು ಹೋಳಿಗೆ ತಿನ್ನಲಿಕ್ಕೆ ಬಿಡಿ ಪಾಪ!"

"ಪಾಪ ಏನಿಲ್ಲ. ಅದು ಹಂಡೆಗೆ ಹೋಗ್ತದೆ," ಎಂದರು ದೊಡ್ಡಮ್ಮ, ಹೋಳಿಗೆ ಅಗಿಯುತ್ತಾ. ಪಂಕ್ತಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು.

ಏಪ್ರಿಲ್ 6. ಶುಕ್ರವಾರ

ಹಲಗೆಯ ಮೇಲೆ ಕೂತೆ. ಸಾಲಿಹಾ "ಎಪ್ಪತ್ತೈದು!" ಎಂದು ಕೂಗಿದಳು. ಎದೆ ಹಾರಿತು.

ಕಿಲೋ ಕಲ್ಲುಗಳು. ಈ ತಿಂಗಳಿಂದ ಅಂಗಡಿಯಲ್ಲಿ ಅವೇ ಇರಬೇಕಂತೆ. ಗುಣಿಸಿ ನೋಡಿದರೆ 165. ಆದರೂ ಆ ಒಂದು ಗಳಿಗೆ ಎಪ್ಪತ್ತೈದು ರಾತ್ಲಿನ ಹುಡುಗಿಯಾಗಿದ್ದೆ — ಕಾನ್ವೆಂಟಿನ ವರಾಂಡದಲ್ಲಿ ಓಡಿ ಸಿಸ್ಟರ್ ಕೈಲಿ ಬೈಸಿಕೊಳ್ಳುವವಳು.

ಹಂಡೆಗೆ ಮಾತ್ರ ರಾತ್ಲೇ ಆಗಬೇಕು. ಹರಕೆ ಹೇಳುವಾಗ ಕಿಲೋ ಇರಲಿಲ್ಲವಲ್ಲ ಎಂದರು ದೊಡ್ಡಮ್ಮ. ಸಾಲಿಹಾ ಹಳೆ ಕಲ್ಲುಗಳನ್ನು ಸೆರಗಿನಲ್ಲಿ ಸುತ್ತಿ ಕೊಟ್ಟಳು. "ಯಜಮಾನರಿಗೆ ಇನ್ನು ಬೇಡವಂತೆ. ನಿಮ್ಮ ದೇವರೇ ಇಟ್ಟುಕೊಳ್ಳಲಿ."

ಏಪ್ರಿಲ್ 14. ಬಿಸು ಹಬ್ಬ, ಹೊಸ ವರ್ಷ

ಹೆಸರುಬೇಳೆ ಪಾಯಸ. ಮೊದಲು ಒಂದು ಚಮಚ, ರುಚಿಗೆ. ಆಮೇಲೆ ಮೂರು ಬಟ್ಟಲು. ಯಾರೂ ಒತ್ತಾಯ ಮಾಡಲಿಲ್ಲ. ದೊಡ್ಡಮ್ಮ ಹಿತ್ತಿಲಲ್ಲಿದ್ದರು. ಮೂರನೆಯದನ್ನು ನಿಂತೇ ಕುಡಿದೆ. ನಿಲ್ಲಬಾರದ ಕಾಲಿನ ಮೇಲೆ.

ಏಪ್ರಿಲ್ 20. ಶುಕ್ರವಾರ

74. ಕಳೆದ ವಾರವೂ 74. ವಾರವಿಡೀ ಬಾಯಿ ಕಟ್ಟಿದ್ದು ಆ ಮೂರು ಬಟ್ಟಲಿಗೇ ಸರಿಯಾಯಿತು.

ಪಾಯಸದ ಸಂಗತಿ ದೊಡ್ಡಮ್ಮನಿಗೆ ಹೇಳಿದೆ. ನನ್ನ ಲೆಕ್ಕದಲ್ಲಿ ಒಂದು ರಾತ್ಲು ಹಂಡೆಯಿಂದ ತೆಗೆಯಬೇಕಾ ಎಂದೂ ಕೇಳಿದೆ.

"ಒಳಗೆ ಹಾಕಿದ್ದನ್ನು ತೆಗೆಯುವುದುಂಟಾ? ಅದು ನಿನ್ನದಲ್ಲ ಇನ್ನು." ಬಯ್ಯಲಿಲ್ಲ. ಹೋಗುವಾಗ ಅಂದರು, "ಪಾಯಸ ಚಂದ ಆಗಿತ್ತಾ?"

"ತುಂಬ."

"ಹ್ಞಾ. ಅಷ್ಟಾದರೂ ಆಯ್ತು."

ಮೇ 4. ಶುಕ್ರವಾರ

71½. ಸೆಕೆ. ಹಸಿವೂ ಬೆವರಿ ಹೋಗುತ್ತಿದೆ. ಸೌತೆಕಾಯಿ, ಮಜ್ಜಿಗೆ, ಗಂಜಿಯ ತಿಳಿ. ಮದುವೆಯಾದ ವರ್ಷ ಹಾಕಿದ್ದ ಉಂಗುರ ಇವತ್ತು ಬೆರಳಲ್ಲಿ ಸಲೀಸಾಗಿ ಕೂತಿತು. ಇವರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ಕಳೆದುಹೋಗಿತ್ತಾ ಇದು?" ಅಂದರು.

ಮೇ 18. ಶುಕ್ರವಾರ

69. ಅಂದರೆ 152. ಇನ್ನು ಎರಡು ರಾತ್ಲು.

ಮೇ 19. ಬೆಳಗ್ಗೆ 10

ಡಾಕ್ಟರರಿಗೆ ಕಾಗದ ಬರೆದೆ. ಇಂಗ್ಲಿಷಿನಲ್ಲಿ, ನೀಟಾಗಿ. ನನ್ನ ತೂಕ 150 ಪೌಂಡು ಎಂದು ಬರೆದೆ.

ಬರೆದ ಮೇಲೆ ನೋಡುತ್ತಾ ಕೂತೆ. ಎರಡು ರಾತ್ಲು ಯಾವ ಮಹಾ? ಕಾಗದಕ್ಕೆ ತಕ್ಕಡಿ ಇಲ್ಲ. ಜೂನ್ ಬರುವಷ್ಟರಲ್ಲಿ ಇಳಿದೇ ಇಳಿಯುತ್ತದೆ. ಈ ವಾರ ಇಳಿಯದಿದ್ದರೆ? ಫೆಬ್ರವರಿಯಂತೆ ನಿಂತುಬಿಟ್ಟರೆ? ಅವರು ಇಂಗ್ಲೆಂಡಿಗೆ, ನಾನು ಈ ಕುರ್ಚಿಯಲ್ಲಿ. ಮಕ್ಕಳ ಕಾಂಪೊಸಿಷನ್‌ನಲ್ಲಿ ಒಂದು ಸುಳ್ಳಂಕಿ ಕಂಡರೆ ಕೆಂಪು ಗೆರೆ ಎಳೆಯುತ್ತಿದ್ದವಳು...

ದೊಡ್ಡಮ್ಮ ಬಂದರು. ಅವರಿಗೆ ಇಂಗ್ಲಿಷ್ ಬಾರದು. "ಎಷ್ಟು ಅಂತ ಬರೆದಿ?"

ಹೇಳಿದೆ.

ದೊಡ್ಡಮ್ಮ ದೇವರ ಕೋಣೆಗೆ ಹೋಗಿ ಹಂಡೆಯೊಳಗೆ ಕೈ ಇಳಿಸಿ ನೋಡಿ ಬಂದರು. "ಇನ್ನೂ ಎರಡು ರಾತ್ಲಿಗೆ ಜಾಗ ಉಂಟು," ಅಂದರು. ಒಲೆಗೆ ಕಟ್ಟಿಗೆ ಇಡಲು ಹೋದರು.

ಕಾಗದ ಹರಿದೆ.

ಮೇ 25. ಶುಕ್ರವಾರ. ಮಧ್ಯಾಹ್ನ 2

ಬಳೆ ತೆಗೆಯಲಿಲ್ಲ. ಬೆಂಡೋಲೆ ತೆಗೆಯಲಿಲ್ಲ. ಕರಿಮಣಿ, ಉಂಗುರ, ಸೊಂಟದ ಬೀಗದಕೈ ಗೊಂಚಲು, ಎಲ್ಲ ಹಾಕಿಕೊಂಡೇ ಕೂತೆ. ಬೇಕೆಂದೇ. ಜನವರಿಯಲ್ಲಿ ಕದ್ದದ್ದನ್ನು ಹಿಂದೆ ಕೊಡಬೇಕೆಂದು.

ಸಾಲಿಹಾ ಅರವತ್ತೆಂಟು ಕಿಲೋ ಇಟ್ಟಳು. ಹಲಗೆ ಅಲುಗಿತು. ಕಣ್ಣು ಮುಚ್ಚಿದ್ದೆ.

"ಕಣ್ಣು ಬಿಡಿ ಟೀಚರಮ್ಮ. ನೀರಿನ ಹಾಗೆ ಸಮ ನಿಂತಿದೆ."

ನಿಂತಿತ್ತು! ಗೋಡೆಯ ಮೇಲೆ ಸುಣ್ಣದಲ್ಲಿ ಗುಣಿಸಿದೆ. 149.9. ಮತ್ತೆ ಗುಣಿಸಿದೆ. ಅಷ್ಟೇ. ಸಾಲಿಹಾ ಎರಡು ಕೈಯಲ್ಲೂ ನನ್ನ ಗಲ್ಲ ಹಿಡಿದು ಅಳುತ್ತಾ ನಗುತ್ತಾ, "ಹೋಯ್ತಲ್ಲ ನನ್ನ ಮೂಟೆ!" ಎಂದಳು. ಮುಚ್ಚಿಟ್ಟಿದ್ದ ತಟ್ಟೆ ಹೊರಗೆ ಬಂತು. ಮಾತು ಕೊಟ್ಟಂತೆ ತಂದಿದ್ದಳು. ಒಂದೇ ಒಂದು ತಿಂದೆ, ನಿಧಾನವಾಗಿ. ಎರಡನೆಯದು ಬೇಕೆನ್ನಿಸಲಿಲ್ಲ. ಇದು ನನಗೇ ಆಶ್ಚರ್ಯ.

ಸಂಜೆ 5

ದೊಡ್ಡಮ್ಮ ತಾವೇ ತೂಗಿ ಕೊನೆಯ ಎರಡು ರಾತ್ಲು ಸುರಿದರು. ಒಟ್ಟು ಮೂವತ್ತೇಳು. ಅಕ್ಕಿ ಹಂಡೆಯ ಕಂಠಕ್ಕೆ ಬಂದು ನಿಂತಿತು. ಇವರು ಹಂಡೆ ಎತ್ತಿ ನೋಡಲು ಹೋಗಿ ಅರ್ಧದಲ್ಲೇ ಇಟ್ಟು ಸೊಂಟ ಹಿಡಿದುಕೊಂಡರು.

"ಇಷ್ಟನ್ನು ಹೊತ್ತುಕೊಂಡು ತಿರುಗುತ್ತಿದ್ದೆಯಾ?" ಅಂದರು. ಅಷ್ಟು ಮೆಲ್ಲಗೆ ಅವರು ನನ್ನ ಹತ್ತಿರ ಮಾತಾಡಿ ಎಷ್ಟು ಕಾಲವಾಯಿತು.

ನಾನೂ ಹಂಡೆಗೆ ಕೈ ಹಾಕಿದೆ. ತಣ್ಣಗಿತ್ತು. ಮೊಣಕೈವರೆಗೆ ಅಕ್ಕಿ. ಇಷ್ಟೂ ನಾನೇ ಆಗಿದ್ದೆ.

ಮೇ 26. ಶನಿವಾರ

ಕಾಗದ ಬರೆದಾಯಿತು. ನಾಲ್ಕೇ ಸಾಲು. 149.9 ಎಂದು ಬರೆದು, ಕೆಳಗೆ: ಬಳೆ, ಉಂಗುರ, ಬೀಗದಕೈ ಸೇರಿ. ಡಾಕ್ಟರು ನಗಬಹುದು. ನಗಲಿ.

ಇವರು ತಾವೇ ಹಾಕಿ ಬರುತ್ತೇನೆಂದರು. ಕೊಡಲಿಲ್ಲ. ಅಂಚೆ ಪೆಟ್ಟಿಗೆ ಅಬೂಬಕ್ಕರರ ಅಂಗಡಿಯ ಎದುರು ಕಂಬದಲ್ಲೇ ಇದೆ. ಹಿತ್ತಿಲ ದಾರಿಯಲ್ಲಲ್ಲ, ಈ ಸಲ ಪೇಟೆಯ ದಾರಿಯಲ್ಲಿ, ಅಂಗಡಿ ತೆರೆದಿರುವಾಗ, ನಾಲ್ಕು ಜನ ನೋಡುವಾಗ ಹೋಗುತ್ತೇನೆ. ದೊಡ್ಡಮ್ಮನೂ ಬರುತ್ತಾರಂತೆ. ಇವತ್ತಿನ ಟಪಾಲು ಹೊರಟುಹೋಯಿತು. ನಾಳೆ ಭಾನುವಾರ. ಹಾಕುವುದು ನಾಡಿದ್ದು — ಸೋಮವಾರ, ಮೇ 28.