ಪೂರ್ಣಕುಂಭ ಹಿಡಿದು ಊದಿದ ಕಾಲು

ಉಚಿತ ಕಾಲುಚೀಲ ಶಿಬಿರದ ಉಸ್ತುವಾರಿ ಅಧಿಕಾರಿಗಳೇ,

ಕಾಲು ಊದಿದವರಿಗೆ ಚಿಕಿತ್ಸೆ ಕೊಡುತ್ತೇವೆಂದು ಕರೆಸಿ, ಬಿಸಿಲಿನಲ್ಲಿ ನಿಲ್ಲಿಸಿ, ಊತ ಹೆಚ್ಚಿಸಿ, ಆಮೇಲೆ ಆ ಊತದ ಅಳತೆ ತೆಗೆದ ತಮ್ಮ ಸಾಧನೆಗೆ ಮೊದಲು ಅಭಿನಂದನೆ. ಅದರ ಫಲವಾಗಿ ನನ್ನ ಅತ್ತೆ ದೊಡ್ಡಗಂಗಮ್ಮನವರ ಕಣಕಾಲಿನ ಮೇಲೆ ಹುಣ್ಣಾಗಿದೆ.

ಅತ್ತೆ ಗುಬ್ಬಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಯವರು. ನಿಂತೇ ಮುದ್ದೆ ತೊಳಸಿ, ನಿಂತೇ ಬಡಿಸಿ ಕಾಲಿನ ನರಗಳು ಉಬ್ಬಿವೆ. ತುಮಕೂರಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಪಾದದವರೆಗೆ ರಕ್ತ ಸರಿಯಾಗಿ ಹರಿಯುತ್ತಿದೆ ಎಂದು ಖಚಿತವಾದ ಮೇಲೆಯೇ ಬಿಗಿ ಕಾಲುಚೀಲ ಬರೆದುಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ, ಊತ ಇಳಿದಿರುವಾಗ ಅಳತೆ ಕೊಡಬೇಕು ಎಂದರು. ತಮ್ಮ ಶಿಬಿರದ ಪ್ರಕಟಣೆಯಲ್ಲೂ ಬೆಳಿಗ್ಗೆ ಏಳಕ್ಕೆ ಅಳತೆ ಎಂದೇ ಇತ್ತು. ಪರವಾಗಿಲ್ಲವೇ, ತಿಳಿದವರಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ!

ಏಳಕ್ಕೆ ಹೋದರೆ ಟೇಪು ಇತ್ತು, ಅಳೆಯುವ ನರ್ಸಮ್ಮ ಇದ್ದರು, ತಾವು ಇರಲಿಲ್ಲ. ತಾವು ದೀಪ ಹಚ್ಚುವವರೆಗೆ ಯಾರ ಕಾಲನ್ನೂ ಅಳೆಯುವಂತಿಲ್ಲವಂತೆ. ಸ್ವಾಗತಕ್ಕೆ ಪೂರ್ಣಕುಂಭವೂ ಬೇಕಲ್ಲ? ಬೇರೆ ಹೆಂಗಸರು ಸಿಗಲಿಲ್ಲವೆಂದು ರೋಗಿಗಳ ಕೈಗೇ ಕಳಸ ಕೊಟ್ಟು ಗೇಟಿನ ಎರಡೂ ಬದಿಗೆ ನಿಲ್ಲಿಸಿದರು. "ಕೂತ್ಕೋಬ್ಯಾಡಿ ಕಣಮ್ಮ, ಸಾಹೇಬ್ರು ಇನ್ನೇನ್ ಬಂದೇಬುಟ್ರು" ಎಂದು ತಮ್ಮ ಸಿಬ್ಬಂದಿ ಹೇಳುತ್ತಲೇ ಇದ್ದರು. ತಾವು ಬಂದದ್ದು ಊಟದ ಹೊತ್ತಿಗೆ. ಬಂದು, ಬಹಳ ಹೊತ್ತು ನಿಲ್ಲುವುದು ಕಾಲಿಗೆ ಒಳ್ಳೆಯದಲ್ಲ ಎಂದು ಭಾಷಣ ಮಾಡಿದಿರಿ. ಕೇಳಿದವರೆಲ್ಲ ನಿಂತುಕೊಂಡೇ ಕೇಳಿದರು.

ಆಮೇಲೆ ಅಳತೆಯಾಯಿತು. ಕೊಟ್ಟ ಕಾಲುಚೀಲ ಮಾರನೆಯ ಬೆಳಿಗ್ಗೆಯ ಕಾಲಿಗೆ ದೊಗಲೆ. ಜಾರಿ, ಸುರುಳಿ ಸುತ್ತಿಕೊಂಡು, ಕಣಕಾಲಿನ ಮೇಲೆ ಹಗ್ಗ ಕಟ್ಟಿದ ಹಾಗೆ ಕೂತಿತು. ಬಿಚ್ಚಿ ಎಂದು ನಾನು ಗೋಗರೆದೆ. "ಸರ್ಕಾರದೋರು ಅಳ್ದು ಕೊಟ್ಟವ್ರೆ, ಸರಿಯಾಗೇ ಇರ್ತದೆ ಬುಡು" ಎಂದು ಅತ್ತೆ ಹಾಕಿಕೊಂಡೇ ದುಡಿದರು. ತಮ್ಮನ್ನು ನಂಬಿದ್ದಕ್ಕೆ ಚರ್ಮ ಒಡೆಯಿತು. ಹುಣ್ಣು ಮಾಯುವವರೆಗೆ ಅಡುಗೆಮನೆಗೆ ಬರಬೇಡಿ ಎಂದು ವಾರ್ಡನ್ ಹೇಳಿದ್ದಾರೆ. ಅತ್ತೆಯದು ಖಾಯಂ ನೌಕರಿಯಲ್ಲ. ತಡವಾದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಬದಲಾಯಿಸಿಕೊಡಿ ಎಂದು ತಮ್ಮ ಕಚೇರಿಗೆ ಬಂದೆ. ಫೈಲಿನಿಂದ ತಲೆಯನ್ನೂ ಎತ್ತದೆ, "ಫ್ರೀಯಾಗಿ ಕೊಟ್ಟಿದ್ದನ್ನ ಚೇಂಜ್ ಮಾಡಕ್ಕಾಗಲ್ಲಮ್ಮ. ಅಳತೆ ನಿಮ್ಮತ್ತೆ ಕಾಲಿಂದೇ ತಾನೆ?" ಎಂದಿರಿ. ಹೌದು ಸ್ವಾಮಿ, ಕಾಲು ಅವರದೇ. ಊತ ಮಾತ್ರ ತಮ್ಮದು.

ನನ್ನ ಬೇಡಿಕೆ ಇಷ್ಟೇ. ಅಂದು ಕಾಲುಚೀಲ ಪಡೆದ ಪ್ರತಿಯೊಬ್ಬರ ಮನೆಗೂ ಬೆಳಿಗ್ಗೆಯೇ ನರ್ಸಮ್ಮನನ್ನು ಕಳಿಸಿ ಮತ್ತೆ ಅಳತೆ ತೆಗೆಸಿ. ದೀಪ ಬೇಡ, ಕುಂಭ ಬೇಡ, ತಾವಂತೂ ಬೇಡವೇ ಬೇಡ. ಅತ್ತೆಯ ಹುಣ್ಣು ವಾಸಿಯಾಗುವವರೆಗೆ ಅವರ ಕೆಲಸ ಉಳಿಯುವಂತೆ ವಾರ್ಡನ್ನರಿಗೆ ತಾವೇ ಲಿಖಿತವಾಗಿ ತಿಳಿಸಿ.

ನಿನ್ನೆ ತಮ್ಮ ಕಚೇರಿಯಿಂದ ಫೋನ್ ಬಂದಿತ್ತು. ಕುಣಿಗಲ್ಲಿನಲ್ಲಿ ನಡೆಯುವ ಮುಂದಿನ ಶಿಬಿರಕ್ಕೆ ಅತ್ತೆ ಫಲಾನುಭವಿಯಾಗಿ ಬಂದು, ಕಳಸ ಹಿಡಿದು ತಮ್ಮನ್ನು ಬರಮಾಡಿಕೊಳ್ಳಬೇಕಂತೆ. ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಅತ್ತೆ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ಬತ್ತೀನಿ ಅನ್ನವ್ವ. ಒಂದ್ ಕುರ್ಚಿ ಹಾಕ್ಸಿರಲಿ. ಅವ್ರು ಬಂದಾಗ ನಾನು ಏಳಾಕಿಲ್ಲ."

ಇಂತಿ,
ತಮ್ಮ ಪ್ರಕಟಣೆಯನ್ನು ನಂಬಿ ಅತ್ತೆಯನ್ನು ಕರೆತಂದ ಸೊಸೆ,
ತೇಜಸ್ವಿನಿ, ಗುಬ್ಬಿ